ಬು ಮುರ್ವಾನಿ ಅಪ್ಪಣೆ ಕೊಟ್ಟ ಬಗೆ

ಒಂದು ದಿನ ಭೂಮಿ ನಡುಗಿ ಜಾವಾ ದ್ವೀಪದ ನಮ್ಮ ಕುತೊವಾರ್ಜೊ ಊರು ಪೂರ್ತಿ ಮಣ್ಣುಪಾಲಾಯಿತು ಎಂದುಕೊಳ್ಳಿ. ಸಾವಿರ ವರ್ಷದ ಮೇಲೆ ಪಂಡಿತರು ಬಂದು ಅಗೆಯುತ್ತಾರೆ. ರೈಲು ನಿಲ್ದಾಣ ಸಿಗಬಹುದು, ಸಿಗದಿರಬಹುದು. ಮಸೀದಿ ಯಾವುದು, ಸಂತೆಕಟ್ಟೆ ಯಾವುದು ಎಂದು ಅವರವರಲ್ಲೇ ಜಗಳವಾಗಬಹುದು. ಆದರೆ ಒಂದು ವಿಷಯದಲ್ಲಿ ಯಾರಿಗೂ ಅನುಮಾನ ಉಳಿಯುವುದಿಲ್ಲ. ಈ ನಾಡನ್ನು ಮುರ್ವಾನಿ ಎಂಬ ಚಕ್ರವರ್ತಿನಿ ಆಳುತ್ತಿದ್ದಳು. ಯಾಕೆಂದರೆ ತಟ್ಟೆಯ ತಳದಲ್ಲಿ, ಒರಳಿನ ಬೆನ್ನ ಮೇಲೆ, ಪ್ಲಾಸ್ಟಿಕ್ ಕುರ್ಚಿಯ ಕಾಲಿನಲ್ಲಿ, ಛತ್ರಿಯ ಹಿಡಿಯಲ್ಲಿ, ಮಾವಿನಕಾಯಿ ಕೀಳುವ ದೋಟಿಯ ತುದಿಯಲ್ಲಿ, ಎಲ್ಲೆಲ್ಲಿ ಗುದ್ದಲಿ ತಾಗುತ್ತದೋ ಅಲ್ಲೆಲ್ಲ ಕೆಂಪು ಉಗುರುಬಣ್ಣದಲ್ಲಿ ಬರೆದ ಆ ಹೆಸರೇ ಸಿಗುತ್ತದೆ. ಆಕೆಯ ಗಂಡ ಪಾ ಕಸ್ನಾದಿಯ (ನಮ್ಮಲ್ಲಿ ಮರ್ಯಾದೆಗೆ ಗಂಡಸರನ್ನು ಪಾ, ಹೆಂಗಸರನ್ನು ಬು ಎನ್ನುತ್ತೇವೆ) ಚಪ್ಪಲಿಯೂ ಸಿಗುತ್ತದೆ. ಅದರ ಮೇಲೂ ಆಕೆಯದೇ ಹೆಸರು. ಹಾಗಾಗಿ ರಾಣಿಗೆ ಇಬ್ಬಗೆಯ ಪಾದಗಳಿದ್ದವು ಎಂದು ಒಬ್ಬ ಪಂಡಿತ ಪುಸ್ತಕವನ್ನೇ ಬರೆದುಬಿಡಬಹುದು.

ಉಗುರುಬಣ್ಣವೇನೋ ತಿಂಗಳಿಗೊಂದು ಸೀಸೆ ಖರ್ಚಾಗುತ್ತಿತ್ತು. ಮುರ್ವಾನಿಯ ಉಗುರಿಗೆ ಮಾತ್ರ ಅದರ ಒಂದು ಹನಿಯೂ ತಾಗಿದ್ದನ್ನು ಕಂಡವರಿಲ್ಲ.

ಇದಕ್ಕೆ ಕಾರಣವಿತ್ತು. ಆಕೆ ರೈಲ್ವೆ ಗೇಟು ಕಾಯುವವನ ಏಳು ಹೆಣ್ಣುಮಕ್ಕಳಲ್ಲಿ ಐದನೆಯವಳು. ಹಾಕಿದ ಬಟ್ಟೆ ನಾಲ್ಕು ಮೈ ದಾಟಿ ಬಂದದ್ದು, ಓದಿದ ಪುಸ್ತಕ ನಾಲ್ಕು ಜನ ಗೀಚಿದ್ದು. ಹತ್ತನೆಯ ವರ್ಷದಲ್ಲಿ ಬಹುಮಾನವೆಂದು ಬಂದ ಒಂದು ಕಂಪಾಸ್ ಪೆಟ್ಟಿಗೆ ಮಾತ್ರ ಪೂರಾ ಆಕೆಯದಾಗಿತ್ತು. ಅದು ಮೂರು ದಿನ ಆಕೆಯದಾಗಿತ್ತು. ನಾಲ್ಕನೆಯ ದಿನ ಅಕ್ಕನೊಬ್ಬಳ ಜೊತೆ ಶಾಲೆಗೆ ಹೋದದ್ದು ವಾಪಸು ಬರಲಿಲ್ಲ. ಅಂದಿನಿಂದ ಮುರ್ವಾನಿ ಜಗತ್ತಿನ ಮೇಲೆ ಸಹಿ ಹಾಕುತ್ತ ಹೊರಟಳು.

ಹಾಗೆಂದು ಜಿಪುಣಿಯಲ್ಲ. ಕೇಳಿದವರಿಗೆ ಇಲ್ಲವೆಂದದ್ದೇ ಇಲ್ಲ. ಬೀದಿಯಲ್ಲಿ ಮದುವೆಯಾದರೆ ಅರ್ಧ ಪಾತ್ರೆ ಆಕೆಯ ಮನೆಯವೇ. ಆದರೆ ಕೇಳಬೇಕು, ಅಷ್ಟೆ. ಕೇಳಿದರೆ "ಮೊಂಗ್ಗೊ" ಎನ್ನುತ್ತಿದ್ದಳು, ಧಾರಾಳವಾಗಿ ತಗೊಳ್ಳಿ ಎಂದು. ಪಕ್ಕದ ಮನೆಯ ಬು ತಾರ್ಸಿ ಹನ್ನೊಂದು ವರ್ಷದ ಹಿಂದೆ ಒಯ್ದ ನೀಲಿ ಡಬ್ಬಿಯೊಂದು ಇಂದಿಗೂ ಇತ್ಯರ್ಥವಾಗಿಲ್ಲ. ತಾರ್ಸಿ ಕೊಟ್ಟೆ ಎನ್ನುತ್ತಾಳೆ, ಮುರ್ವಾನಿ ಬರಲಿಲ್ಲ ಎನ್ನುತ್ತಾಳೆ, ಇಬ್ಬರೂ ದಿನಾ ಸಂಜೆ ಒಟ್ಟಿಗೇ ಕೂತು ಚಹಾ ಕುಡಿಯುತ್ತಾರೆ.

ತಾಂತ್ರಿಕ ಶಾಲೆಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಲು ಶುರುಮಾಡಿ ಇಪ್ಪತ್ತೊಂಬತ್ತು ವರ್ಷವಾದಾಗ, ಮುರ್ವಾನಿ ಮಕ್ಕಳಿಗೆಂದು ಒಂದು ಸಣ್ಣ ಪ್ರೋಗ್ರಾಮ್ ಬರೆದಳು. ನದಿಗೆ ಇಳಿಬಿಟ್ಟ ಸೆನ್ಸರ್ ನೀರಿನ ಮಟ್ಟ ಅಳೆಯಬೇಕು, ಗೆರೆ ದಾಟಿದರೆ ಸೈರನ್ ಕೂಗಬೇಕು. ಒಟ್ಟು ನೂರಾಹನ್ನೆರಡು ಸಾಲಿನ ಮಾದರಿ ಕೋಡ್. ನೋಡಿ ಕಲಿಯಲಿ, ಕಿತ್ತು ಜೋಡಿಸಲಿ ಎಂದು ಬರೆದದ್ದು. ಅದರ ನೆತ್ತಿಯ ಮೇಲೆ, ಪಾತ್ರೆಯ ತಳದಲ್ಲಿ ಬರೆಯುವುದನ್ನೇ ಬರೆದಳು: "ಇದು ಮುರ್ವಾನಿಯದು. ತಗೊಳ್ಳುವ ಮೊದಲು ಕೇಳಿ." ಕೆಳಗೆ ಫೋನ್ ನಂಬರು.

ನಮ್ಮ ಕಡೆ ಇದು ಸಾಕಿತ್ತು. ನಾವು ಅಪ್ಪಣೆ ಕೇಳದೆ ಹಳಸಿದ ಜೋಕನ್ನೂ ಮುಂದಕ್ಕೆ ಕಳಿಸುವವರಲ್ಲ. ಮೇಷ್ಟ್ರುಗಳ ವಾಟ್ಸಾಪ್ ಗುಂಪಿಗೆ ಕೋಡ್ ಬಿದ್ದದ್ದೇ ತಡ, "ಅಪ್ಪಣೆಯಾದರೆ ಉಳಿಸಿಕೊಳ್ಳುತ್ತೇನೆ ಬು", "ಅಪ್ಪಣೆಯಾದರೆ ಮಕ್ಕಳಿಗೆ ತೋರಿಸುತ್ತೇನೆ ಬು" ಎಂದು ಸಾಲು ಹತ್ತಿತು. ಮುರ್ವಾನಿ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ "ಮೊಂಗ್ಗೊ" ಎಂದು ಬರೆದಳು. ವರ್ಷ ತುಂಬುವಷ್ಟರಲ್ಲಿ ನಾನೂರು ಮೊಂಗ್ಗೊ ದಾಟಿ ಬಲಗೈ ಹೆಬ್ಬೆರಳು ಊದಿಕೊಂಡಿತು. ಪಾ ಕಸ್ನಾದಿ ಅದಕ್ಕೆ ಎಣ್ಣೆ ತಿಕ್ಕುತ್ತ, "ಸುಲ್ತಾನರೂ ಇಷ್ಟು ಅಪ್ಪಣೆ ಕೊಟ್ಟಿರಲಿಕ್ಕಿಲ್ಲ ಬು," ಎನ್ನುತ್ತಿದ್ದರು. ಅವರು ಅಂಚೆ ಕಚೇರಿಯಿಂದ ನಿವೃತ್ತರಾದ ಮೇಲೆ ಹಕ್ಕಿ ಸಾಕಿಕೊಂಡು, ಹೆಂಡತಿಯ ಸಾಮ್ರಾಜ್ಯದಲ್ಲಿ ಸಂತೃಪ್ತ ಪ್ರಜೆಯಾಗಿ ಬದುಕಿದ್ದರು.

ಜನವರಿ ತಿಂಗಳ ಮೊದಲ ವಾರ ಈ ಸಾಮ್ರಾಜ್ಯದ ರಾಜಮುದ್ರೆ ಮೀನಿನ ಕೊಳಕ್ಕೆ ಬಿತ್ತು. ಅಂದರೆ, ಮೀನಿಗೆ ಆಹಾರ ಹಾಕಲು ಬಗ್ಗಿದಾಗ ಮುರ್ವಾನಿಯ ಫೋನು ಜೇಬಿನಿಂದ ಜಾರಿತು. ಕಸ್ನಾದಿ ಬಲೆ ಹಾಕಿ ಎತ್ತಿದರು. ಹೊಸದು ಕೊಳ್ಳೋಣವೆಂದರೆ ಆಕೆ ಕೇಳಲಿಲ್ಲ. ಫೋನಿನ ಬೆನ್ನ ಮೇಲೆ ಹೆಸರಿತ್ತಲ್ಲ. ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಳು. ಫೋನು ಹನ್ನೊಂದು ದಿನ ಅಕ್ಕಿಯಲ್ಲಿ ತಪಸ್ಸು ಮಾಡಿತು. ಹನ್ನೆರಡನೆಯ ಬೆಳಿಗ್ಗೆ ಕಣ್ಣು ಬಿಟ್ಟಾಗ ಕ್ಲೆಪು ಹಳ್ಳಿಯ ಪ್ರಾಥಮಿಕ ಶಾಲೆಯ ಪಾ ಸರ್ವೊಕೊ ಎಂಬ ಮೇಷ್ಟ್ರಿಂದ ನಾಲ್ಕು ಸಂದೇಶ ಬಂದು ಕೂತಿದ್ದವು.

ಮೊದಲನೆಯದು: "ನಮಸ್ಕಾರ ಬು. ನಾವು ವುಲುಂಗ್ ನದಿಯ ದಂಡೆಯವರು. ಸೇತುವೆ ಕಂಬಕ್ಕೆ ಸೆನ್ಸರ್ ಕಟ್ಟಿದ್ದೇವೆ. ತಮ್ಮ ಕೋಡ್ ಗೆಳೆಯರೊಬ್ಬರ ಬಳಿ ಸಿಕ್ಕಿತು. ಅಪ್ಪಣೆಯಾದರೆ ಹಾಕಿಕೊಳ್ಳುತ್ತೇವೆ."

ಎರಡನೆಯದು, ಮೂರು ದಿನದ ಮೇಲೆ: "ಮತ್ತೆ ತೊಂದರೆ ಕೊಡುತ್ತಿದ್ದೇನೆ, ಮನ್ನಿಸಿ ಬು. ತಾವು ಕೆಲಸದಲ್ಲಿರಬಹುದು."

ಮೂರನೆಯದು, ಮತ್ತೆ ಮೂರು ದಿನದ ಮೇಲೆ: "ಮಳೆ ಜೋರಾಗಿದೆ ಬು. ಒಂದು ಮಾತು ಸಾಕು."

ನಾಲ್ಕನೆಯದು: "ನಿನ್ನೆ ಹತ್ತು ಗಂಟೆಗೆ ನೀರು ಶಾಲೆಯೊಳಗೆ ಬಂತು ಬು. ಮಕ್ಕಳನ್ನು ಬೆಂಚಿನ ಮೇಲೆ ಎರಡು ಗಂಟೆ ನಿಲ್ಲಿಸಿಕೊಂಡಿದ್ದೆವು. ಎಲ್ಲರೂ ಕ್ಷೇಮ. ಎರಡು ಆಡು ಮತ್ತು ಪುಸ್ತಕದ ಕಪಾಟು ಹೋದವು. ಈಗ ನೀರು ಇಳಿದಿದೆ. ಅವಸರವೇನಿಲ್ಲ, ಬಿಡುವಾದಾಗ ಮೊಂಗ್ಗೊ ಎನ್ನಿ."

ಮುರ್ವಾನಿ ಇದನ್ನು ಅಡುಗೆಮನೆಯಲ್ಲಿ ನಿಂತೇ ಓದಿದಳು. ಆಮೇಲೆ ಕೂತಳು. ಆಮೇಲೆ ಫೋನ್ ಮಾಡಿದಳು.

"ಪಾ ಸರ್ವೊಕೊ, ಕೋಡು ನಿಮ್ಮ ಕೈಯಲ್ಲೇ ಇತ್ತಲ್ಲ?"

"ಇತ್ತು ಬು."

"ಸೆನ್ಸರೂ ಕಟ್ಟಿತ್ತು?"

"ಕಟ್ಟಿತ್ತು ಬು."

"ಮತ್ತೆ ಹಾಕ್ಕೊಳ್ಳೋಕೆ ಏನಾಗಿತ್ತು?"

ಆ ಕಡೆ ಪಾ ಸರ್ವೊಕೊಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಕೇಳಿ ತಗೊಳ್ಳಿ ಅಂತ ನೀವೇ ಬರ್ದಿದ್ರಲ್ಲ ಬು. ಕೇಳ್ದೆ ಹೆಂಗ್ ಹಾಕೋದು?"

"ಮೊಂಗ್ಗೊ! ಮೊಂಗ್ಗೊ! ಈಗ್ಲೇ ಹಾಕಿ!"

"ತುಂಬಾ ಉಪಕಾರ ಆಯ್ತು ಬು. ಇನ್ನೊಂದು ಮಾತು. ಕೆಳಗಡೆ ಇನ್ನೂ ಆರು ಶಾಲೆಯವ್ರು ನನ್ನ ಕೇಳ್ತಾವ್ರೆ. ನಿಮ್ಮ ಮೊಂಗ್ಗೊ ಸಿಕ್ಕಿದ್ದು ನನಗೆ. ಅವರಿಗೆ ಸಿಕ್ಕಿಲ್ಲ. ಅವರಿಗೆ ನಿಮ್ಮ ಪರಿಚಯ ಇಲ್ಲ, ಫೋನ್ ಮಾಡೋಕೆ ಸಂಕೋಚ."

"ನಾನ್ ಹೇಳ್ದೆ ಅಂತ ನೀವೇ ಕೊಡಿ."

"ಅದು ಹೆಂಗಾಗುತ್ತೆ ಬು? ಪಾತ್ರೆ ಎರವಲು ತಂದೋರು ಇನ್ನೊಬ್ಬರಿಗೆ ಎರವಲು ಕೊಡೋದುಂಟಾ?"

ಇದು ಮುರ್ವಾನಿಯದೇ ಕಾನೂನು. ಇಪ್ಪತ್ತು ವರ್ಷ ಬೀದಿಗೆಲ್ಲ ಬೋಧಿಸಿದ್ದು. ಅದೀಗ ಮುಕ್ಕಾಲು ಗಂಟೆ ದಾರಿ ಆಚೆಯಿಂದ ತಿರುಗಿ ಬಂದು ಎದೆಗೆ ಗುದ್ದಿತು. ನಮ್ಮಲ್ಲಿ ಮಳೆಗಾಲ ಮುಗಿಯಲು ಇನ್ನೂ ಎರಡು ತಿಂಗಳಿತ್ತು. ಆರು ಶಾಲೆ, ಒಂದೇ ನದಿ.

ಅಂದು ಸಂಜೆ ಚಹಾದ ಹೊತ್ತಿಗೆ ಕಸ್ನಾದಿ ಮತ್ತು ತಾರ್ಸಿಯ ಎದುರು ಮುರ್ವಾನಿ ಉಗುರುಬಣ್ಣದ ಸೀಸೆಯನ್ನು ಕಪಾಟಿನ ಮೇಲಿನ ಹಲಗೆಗೆ ಏರಿಸಿದಳು. "ಆ ಆರು ಶಾಲೇಲೂ ಸೈರನ್ ಕೂಗೋ ತನಕ ಇದನ್ನ ಮುಟ್ಟಲ್ಲ," ಎಂದಳು. ಚರಿತ್ರೆಯಲ್ಲಿ ಅನ್ನ ಬಿಟ್ಟವರುಂಟು, ಹಾಸಿಗೆ ಬಿಟ್ಟವರುಂಟು, ಉಗುರುಬಣ್ಣ ಬಿಟ್ಟ ವೀರರು ಇವರೊಬ್ಬರೇ. ಕಸ್ನಾದಿ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟರು. ತಾರ್ಸಿ ಮಾತ್ರ ಮೆಲ್ಲಗೆ, "ಹಾಗಾದ್ರೆ ನಾಡಿದ್ದು ಆ ಇನ್ನೂ ಹೆಸರು ಬರೀದ ಹೊಸ ಬೋಗುಣಿ ಕೊಡ್ತೀರಾ ಬು?" ಎಂದಳು.

ಮುರ್ವಾನಿಯ ಶಾಲೆಯಲ್ಲಿ ಮಾಸ್ ದಮಾರ್ (ಎಳೆಯ ಗಂಡಸರಿಗೆ ನಾವು ಮಾಸ್ ಎನ್ನುತ್ತೇವೆ) ಎಂಬ ಎಳೆಯ ಮೇಷ್ಟ್ರಿದ್ದ. ಕಂಪ್ಯೂಟರ್ ಪಾಠ ಹೇಳುವವನು. ಆಕೆಯ ಹಳೆಯ ಶಿಷ್ಯನೇ. ವಿಷಯ ಕೇಳಿ ಅವನಿಗೆ ಆಶ್ಚರ್ಯವಾಗಲಿಲ್ಲ.

"ಬು, ನೀವು ಕೊಡ್ತಿರೋದು ಅಪ್ಪಣೆ. ಬೇಕಾಗಿರೋದು ಲೈಸೆನ್ಸು. ಅಪ್ಪಣೆ ಕೇಳಿದೋನಿಗೆ ಮಾತ್ರ. ಲೈಸೆನ್ಸು ಗೇಟಿನ ಮೇಲೆ ಬೋರ್ಡ್ ಹಾಕ್ದಂಗೆ. ನೀವು ಮಲಗಿದ್ರೂ ಅದು ನಿಂತಿರುತ್ತೆ. ನಿಮ್ಮ ಫೋನು ಅಕ್ಕೀಲಿದ್ರೂ ನಿಂತಿರುತ್ತೆ."

"ಹಾಗಿದ್ರೆ ಬರ್ಕೊಡು."

"ನಾವು ಬರೆಯೋದಲ್ಲ ಬು, ಆರಿಸೋದು. ವಕೀಲರು ಮೊದ್ಲೇ ಬರೆದಿಟ್ಟಿದ್ದಾರೆ."

"ಬೇರೆಯವರ ಮಾತಲ್ಲಿ ನಾನು ಮೊಂಗ್ಗೊ ಅನ್ಬೇಕಾ?"

"ಸ್ವಂತ ಮಾತು ಸೇರಿಸಿದ್ರೆ ನಾಳೆ ಅದಕ್ಕೆ ಏನರ್ಥ ಅಂತ ಎಲ್ಲರೂ ನಿಮಗೇ ಫೋನ್ ಮಾಡ್ತಾರೆ."

ಊದಿದ ಹೆಬ್ಬೆರಳನ್ನು ಒಮ್ಮೆ ನೋಡಿಕೊಂಡು ಮುರ್ವಾನಿ ಆರಿಸಲು ಒಪ್ಪಿದಳು.

ದಮಾರ್‌ನ ಮನಸ್ಸು ಒಂದು ಬಗೆಯ ಲೈಸೆನ್ಸಿನ ಮೇಲಿತ್ತು. ಯಾರು ಬೇಕಾದರೂ ಕೋಡ್ ತಗೊಳ್ಳಬಹುದು, ತಿದ್ದಬಹುದು. ಆದರೆ ತಿದ್ದಿದ್ದನ್ನು ಇನ್ನೊಬ್ಬರಿಗೆ ಕೊಟ್ಟರೆ, ಅದನ್ನೂ ಇದೇ ಕರಾರಿನ ಮೇಲೆ ತೆರೆದೇ ಕೊಡಬೇಕು. ಮುರ್ವಾನಿಗೆ ಕೇಳಿದೊಡನೆ ಹಿಡಿಸಿತು. ನಮ್ಮ ಬೀದಿಯ ನಡವಳಿಕೆಯೇ ಅದು. ಪಕ್ಕದ ಮನೆಯಿಂದ ತಟ್ಟೆ ತುಂಬಿ ಬಂದರೆ ಖಾಲಿ ತಟ್ಟೆ ವಾಪಸು ಕೊಡುವವರುಂಟೆ? ನಾಲ್ಕು ಹಸಿಮೆಣಸಿನಕಾಯಿಯಾದರೂ ಹಾಕಿ ಕೊಡುತ್ತೇವೆ.

ಕೂಡಲೇ ಕ್ಲೆಪುಗೆ ಫೋನ್ ಹೋಯಿತು. ಪಾ ಸರ್ವೊಕೊ ಎಲ್ಲ ಕೇಳಿಸಿಕೊಂಡರು.

"ಬು, ನಾವು ಸೈರನ್ ತಂತೀನ ಮಸೀದಿ ಮೈಕಿಗೆ ಕಟ್ಟಿದ್ದೀವಿ. ಕೋಡ್‌ನ ಅದಕ್ಕೆ ತಕ್ಕಂಗೆ ಎಳೆದು ತುಂಬಿ ಏನೇನೋ ಮಾಡಿದ್ದೀವಿ. ಅದನ್ನ ಮುಂದಿನ ಶಾಲೆಗೆ ಕೊಡ್ಬೇಕಾದ್ರೆ ಬಿಚ್ಚಿ ತೋರಿಸ್ಬೇಕಾ?"

"ತೋರಿಸಿದ್ರೇನು ಪಾ?"

"ನೆಂಟರು ಬಂದಾಗ ಹರಿದ ಬನಿಯನ್ ಹಾಕ್ಕೊಂಡು ಎದುರಿಗೆ ನಿಂತಂಗಾಗುತ್ತೆ ಬು. ಅದಕ್ಕಿಂತ ಕೊಡದೇ ಇರೋದೇ ವಾಸಿ ಅಂತಾರೆ ಎಲ್ಲರೂ."

ದಮಾರ್ ತಲೆ ಕೆರೆದುಕೊಂಡ. "ದೊಡ್ಡ ಕೆಲಸಕ್ಕಾದ್ರೆ ಅದು ಒಳ್ಳೇದು ಬು. ಆದ್ರೆ ಇದು ನೂರು ಸಾಲಿನ ಮಾದರಿ. ನೋಡಿ ಕಲಿಯೋರಿಗೆ ಇಷ್ಟು ದೊಡ್ಡ ಕರಾರು ಭಾರ." ಹಾಗೆ ಮೊದಲನೆಯ ಅಸ್ತ್ರ ತಾಗದೆ ಬಿತ್ತು.

ಎರಡನೆಯದು ಸಣ್ಣದು, ಒಂದೇ ಪುಟ. ಏನು ಬೇಕಾದರೂ ಮಾಡಿಕೊಳ್ಳಿ, ಕೊಟ್ಟವರ ಹೆಸರು ಮತ್ತು ಈ ಪುಟ ಮಾತ್ರ ಪ್ರತಿಯೊಂದು ಪ್ರತಿಯಲ್ಲೂ ಇರಲಿ, ಅಷ್ಟೆ. ಮುರ್ವಾನಿಯ ಕಣ್ಣು ಮಿನುಗಿತು. ಉಗುರುಬಣ್ಣ ಮುಟ್ಟದೆಯೇ ಹೆಸರು ಬರೆಯಲು ಕಾನೂನೇ ದಾರಿ ಮಾಡಿಕೊಟ್ಟಿತ್ತು! ಆದರೆ ಕೊನೆಯ ಸಾಲು ಓದಿ ಮುಖ ಗಂಟಾಯಿತು.

"ಇದೇನಿದು? ಏನಾದರೂ ಆದರೆ ಕೊಟ್ಟವರು ಹೊಣೆಯಲ್ಲ? ಊಟ ಬಡಿಸಿ, ಹೊಟ್ಟೆ ಕೆಟ್ರೆ ನನ್ನ ಕೇಳ್ಬೇಡ ಅನ್ನೋದಾ?"

"ಬು, ಸೆನ್ಸರ್ ಒಳಗೆ ಕಣಜ ಗೂಡು ಕಟ್ಟುತ್ತೆ. ತಂತಿ ಇಲಿ ಕಡಿಯುತ್ತೆ. ಕಂಡೋರ ಊರಿನ ಇಲಿಗೆಲ್ಲ ನೀವು ಹೊಣೆ ಆಗ್ತೀರಾ?"

ಇಲಿಯ ಮಾತು ನಾಟಿತು. ಆದರೂ ಮುರ್ವಾನಿ ಲೈಸೆನ್ಸಿನ ಅಕ್ಷರ ಮುಟ್ಟದೆ, ಕೋಡಿನೊಳಗೆ ತನ್ನದೊಂದು ಸಾಲು ಸೇರಿಸಿದಳು: "ಪ್ರತಿ ಸೋಮವಾರ ಸೆನ್ಸರನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ, ಕೂಗುತ್ತದೋ ಇಲ್ಲವೋ ನೋಡಿ." ಈ ಕಥೆಯಲ್ಲಿ ಜಾಣತನದ ಸಾಲು ಅಂತ ಯಾವುದಾದರೂ ಇದ್ದರೆ ಅದು ಇದೇ.

ನೆತ್ತಿಯ ಮೇಲಿನ "ತಗೊಳ್ಳುವ ಮೊದಲು ಕೇಳಿ" ಹೋಗಿ "ಕೇಳಬೇಕಾಗಿಲ್ಲ" ಬಂತು; ಶುಕ್ರವಾರ ಕೋಡು ಲೈಸೆನ್ಸಿನ ಸಮೇತ ಮೇಷ್ಟ್ರುಗಳ ಸಂಘದ ಜಾಲತಾಣಕ್ಕೆ ಏರಿತು. ಶನಿವಾರ ಬೆಳಿಗ್ಗೆ ಗೇಟಿನ ಬಳಿ ಬೈಕು ನಿಂತಿತು. ನದಿಯ ಕೆಳದಂಡೆಯ ಮೊದಲ ಶಾಲೆಯ ಹೆಡ್ಮೇಷ್ಟ್ರು, ಇಸ್ತ್ರಿ ಮಾಡಿದ ಬಾಟಿಕ್ ಅಂಗಿ ತೊಟ್ಟು, ಹಿಂದೆ ಒಂದು ಬಾಳೆಗೊನೆ ಕಟ್ಟಿಕೊಂಡು ಬಂದಿದ್ದರು.

ಚಹಾ ಆಯಿತು. ಮಳೆಯ ಮಾತಾಯಿತು. ಕಸ್ನಾದಿಯ ಹಕ್ಕಿಗಳ ಯೋಗಕ್ಷೇಮವಾಯಿತು. ಮುಕ್ಕಾಲು ಗಂಟೆಯ ಮೇಲೆ ಅವರು ಗಂಟಲು ಸರಿಮಾಡಿಕೊಂಡರು. "ಬು, ತಮ್ಮ ಕೋಡಿನ ವಿಷ್ಯ. ಕೇಳ್ಬೇಕಾಗಿಲ್ಲ ಅಂತ ಬರ್ದಿದ್ದೀರಂತೆ."

"ಹೌದು ಪಾ. ಯಾರೂ ಕೇಳೋ ಹಾಗಿಲ್ಲ. ಸುಮ್ನೆ ಹಾಕ್ಕೊಳ್ಳಿ."

"ಅದಕ್ಕೇ ಬಂದೆ. ಕೇಳದೇ ಹಾಕ್ಕೊಳ್ಳೋಕೆ ಅಪ್ಪಣೆ ಆಗ್ಬೇಕಿತ್ತು."

ಒಳಗೆ ಕಸ್ನಾದಿಗೆ ಚಹಾ ನೆತ್ತಿಗೇರಿತು. ಮುರ್ವಾನಿ ಹಲ್ಲು ಕಚ್ಚಿ ಮೊಂಗ್ಗೊ ಎಂದಳು. ಭಾನುವಾರ ಎರಡನೆಯ ಶಾಲೆಯವರು, ಎರಡನೆಯ ಗೊನೆ. ಬುಧವಾರ ಮೂರನೆಯವರು ವ್ಯಾನ್ ಮಾಡಿಕೊಂಡು ಬಂದರು, ಹಳ್ಳಿಯ ಹಿರಿಯರಿಬ್ಬರನ್ನು ಮುಂದಿಟ್ಟುಕೊಂಡು, ಎರಡು ಗೊನೆಯೊಂದಿಗೆ. ಉಳಿದ ಮೂರು ಶಾಲೆಯವರು ತೋಟದಲ್ಲಿ ಬಾಳೆ ಬಲಿಯಲೆಂದು ಕಾದಿದ್ದಾರೆ ಎಂದು ಸುದ್ದಿ ಬಂತು. ಬರಿಗೈಯಲ್ಲಿ ಬರುವುದು ಹೇಗೆ?

ಅತ್ತ ನದಿ ಬಾಳೆ ಬಲಿಯಲಿ ಎಂದು ಕಾಯುವುದಿಲ್ಲವಲ್ಲ. ಮುರ್ವಾನಿ ಫೋನಿನಲ್ಲಿ ಸರ್ವೊಕೊ ಮೇಲೆ ರೇಗಿದಳು. "ಕೇಳ್ಬೇಡಿ ಅಂತ ಇಂಡೋನೇಷ್ಯಾದ ಭಾಷೇಲೇ ಬರ್ದಿದ್ದೀನಲ್ಲ ಪಾ! ಜಾವಾ ಭಾಷೇಲೂ ಬರೀಬೇಕಾ?"

"ಬರ್ದಿದ್ದೀರಿ ಬು. ಅದರ ಮೇಲೆ ನಿಮ್ಮ ಹೆಸರೂ ಇದೆ. ಮನೆ ಬಾಗಿಲು ತೆಗ್ದಿರ್ಲಿ, ಯಜಮಾನಿ ಎದುರಿಗೇ ಕೂತಿರುವಾಗ ಮಾತಾಡಿಸ್ದೆ ಒಳಗೆ ನುಗ್ಗೋದು ಹೆಂಗೆ?"

ಆ ವಾರವೇ ಬು ತಾರ್ಸಿಯ ಮೊಮ್ಮಗುವಿಗೆ ಹೆಸರಿಡುವ ಊಟ. ಬೀದಿಯ ಹೆಂಗಸರೆಲ್ಲ ಹಿತ್ತಲಿನಲ್ಲಿ ಕೂತು ಅಡುಗೆ ಮಾಡುತ್ತಿದ್ದರು. ಮುರ್ವಾನಿಯ ಮನಸ್ಸು ಒಂದು ಕಡೆ ನದಿಯ ಮೇಲೆ, ಇನ್ನೊಂದು ಕಡೆ ತನ್ನ ಪಾತ್ರೆಗಳ ಮೇಲೆ. ಪ್ರತಿಜ್ಞೆ ಮಾಡಿದ ಮೇಲೆ ಕೊಂಡ ಎರಡು ಸೌಟು ಮತ್ತು ಒಂದು ಹಬೆಪಾತ್ರೆ ಹೆಸರಿಲ್ಲದ ಕಾರಣ ಆಗಲೇ ಲೋಕಸಂಚಾರಕ್ಕೆ ಹೊರಟುಹೋಗಿದ್ದವು. ಹೊಸ ಬೋಗುಣಿ ತಾರ್ಸಿಯ ಸೊಸೆಯ ಕೈಯಲ್ಲಿತ್ತು. ಅದರಿಂದ ಕಣ್ಣು ಕೀಳದೆಯೇ ಮುರ್ವಾನಿ ಬಿದಿರಿನ ಸಣ್ಣ ಬುಟ್ಟಿಗಳಿಗೆ ಬಾಳೆಲೆ ಹಾಸಿ ಅನ್ನ, ಕೋಳಿ, ಮೊಟ್ಟೆ ತುಂಬುತ್ತಿದ್ದಳು. ನೂರಿಪ್ಪತ್ತು ಬುಟ್ಟಿ. ಒಂದೊಂದನ್ನೇ ಮುಚ್ಚಿ ಮುಚ್ಚಿ ಅತ್ತ ದೂಡುತ್ತಿದ್ದಳು. ಹುಡುಗಿಯರು ಮನೆಮನೆಗೆ ಒಯ್ಯುತ್ತಿದ್ದರು.

ಎಪ್ಪತ್ತೋ ಎಂಬತ್ತೋ ಬುಟ್ಟಿಯಾದಾಗ ಕೈ ನಿಂತಿತು.

"ತಾರ್ಸಿ, ಈ ಬುಟ್ಟಿ ಯಾರದು?"

"ಯಾರದೂ ಅಲ್ಲ ಬು. ಸಂತೇಲಿ ತಂದಿದ್ದು."

"ಹೆಸರು ಬರ್ದಿಲ್ವಾ?"

"ಬುಟ್ಟಿಗೆ ಯಾರಾದ್ರೂ ಹೆಸರು ಬರೀತಾರಾ? ತಿಂದು ಒಲೆಗೆ ಹಾಕ್ತಾರೆ, ಇಲ್ಲಾ ಮೊಟ್ಟೆ ಇಡೋಕೆ ಕೋಳಿಗೆ ಕೊಡ್ತಾರೆ. ಯಾಕೆ, ಇದೂ ನಿಮ್ದು ಅಂತೀರಾ?"

ಮುರ್ವಾನಿ ಕೈ ಒರೆಸಿಕೊಂಡು ಎದ್ದು ಹೊರಟೇಬಿಟ್ಟಳು. ಬೋಗುಣಿಯ ಕಡೆ ತಿರುಗಿಯೂ ನೋಡಲಿಲ್ಲ.

ಸೋಮವಾರ ದಮಾರ್ ಇನ್ನೂ ಬೈಕು ನಿಲ್ಲಿಸುತ್ತಿರುವಾಗಲೇ ಹಿಡಿದಳು. "ಹೆಸರೂ ಕೇಳದ ಲೈಸೆನ್ಸ್ ಇದ್ಯಾ?"

"ಇದೆ ಬು. ಅದೇ ಪುಟ, ಹೆಸರು ಉಳಿಸಿ ಅನ್ನೋ ಸಾಲು ಮಾತ್ರ ಇಲ್ಲ. ಮಾದರಿ ಕೋಡಿಗೆ ಅಂತಾನೇ ಸುಮಾರು ಜನ ಬಳಸ್ತಾರೆ. ಆದ್ರೆ..." ಅವನು ಆಕೆಯ ಮುಖ ನೋಡಿದ. ಅವನ ಹತ್ತನೇ ತರಗತಿಯ ಸ್ಕೇಲಿನ ಮೇಲೂ ಆಕೆ ತನ್ನ ಹೆಸರು ಬರೆದಿದ್ದಳು. "ಬು, ಯೋಚ್ನೆ ಮಾಡಿ. ಒಂದ್ಸಲ ಕೊಟ್ರೆ ಹೋಯ್ತು. ಯಾರೋ ತಗೊಂಡು ತಮ್ಮ ಹೆಸರು ಹಾಕ್ಕೊಂಡ್ರೂ ಕೇಳೋ ಹಾಗಿಲ್ಲ. ಪುಸ್ತಕ ಮಾಡಿ ಮಾರಿದ್ರೂ ಕೇಳೋ ಹಾಗಿಲ್ಲ."

"ಮಕ್ಕಳು ಬೆಂಚಿನ ಮೇಲೆ ನಿಲ್ಲೋದು ತಪ್ಪುತ್ತಾ?"

"ತಪ್ಪಬಹುದು."

"ಹಾಗಾದ್ರೆ ಹಾಕು."

ಕೊಟ್ಟವರು ಯಾರೆಂದು ಒಂದು ಕಡೆಯಾದರೂ ಇರಲೇಬೇಕು ಎಂದು ದಮಾರ್ ಹಟ ಹಿಡಿದ. ಸಂಘದ ತಾಣದಲ್ಲಿ, ಯಾರೂ ಓದದ ಒಂದು ಪುಟದ ತಳದಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ ಹೆಸರು ಹಾಕಿದ. ಆದರೆ ಕೋಡಿನ ನೆತ್ತಿಯ ಮೇಲಿನ ಆ ಎರಡು ವಾಕ್ಯವನ್ನೂ ಫೋನ್ ನಂಬರನ್ನೂ ಮುರ್ವಾನಿಯೇ ಅಳಿಸಬೇಕಾಯಿತು. ಒಂದೊಂದೇ ಅಕ್ಷರ ಅಳಿಸಿದಳು. ಕಂಪಾಸ್ ಪೆಟ್ಟಿಗೆ ಇನ್ನೊಮ್ಮೆ ಕಳೆದುಕೊಂಡಂತೆ ಮುಖ ಮಾಡಿಕೊಂಡಿದ್ದಳು ಎಂದು ದಮಾರ್ ಆಮೇಲೆ ಹೇಳಿದ. ಕೈ ಮಾತ್ರ ಎಲ್ಲೂ ನಿಲ್ಲಲಿಲ್ಲವಂತೆ.

ಪಾ ಸರ್ವೊಕೊ ಹೊಸ ಕೋಡನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನೋಡಿ ಫೋನ್ ಮಾಡಿದರು. "ಹೆಸರೇ ಇಲ್ವಲ್ಲ ಬು. ಈಗ ಅವರೆಲ್ಲ ಯಾರನ್ನ ಕೇಳ್ಬೇಕು?"

"ಯಾರನ್ನ ಕೇಳ್ತಾರೋ ಕೇಳ್ಲಿ. ನನಗೇನು ಗೊತ್ತು, ನಾನ್ಯಾರು?"

ಅವರು ಯೋಚಿಸಿದರು. ಆಮೇಲೆ ದೊಡ್ಡದೊಂದು ನಿಟ್ಟುಸಿರು ಕೇಳಿಸಿತು. ಹೊರೆ ಇಳಿಸಿದವರ ನಿಟ್ಟುಸಿರು. "ಒಳ್ಳೇದೇ ಆಯ್ತು ಬಿಡಿ ಬು. ಕೇಳೋಕೆ ಅವರಿಗೂ ನಾಚಿಕೆ ಆಗ್ತಿತ್ತು."

ಹತ್ತು ದಿನದಲ್ಲಿ ಆರೂ ಶಾಲೆಗೆ ಸೈರನ್ ಬಂತು. ಫೆಬ್ರವರಿ ಕೊನೆಯಲ್ಲಿ ನದಿ ಮತ್ತೊಮ್ಮೆ ಏರಿದಾಗ, ನೀರು ಗದ್ದೆಯಲ್ಲೇ ಇರುವಾಗ ಏಳು ಕಡೆ ಕೂಗಿತು. ಮಕ್ಕಳು ಸಾಲಾಗಿ ಮಸೀದಿಯ ದಿಬ್ಬ ಹತ್ತಿ ಕೂತರು. ಆಡುಗಳು ಅವರಿಗಿಂತ ಮೊದಲೇ ಹತ್ತಿದ್ದವಂತೆ.

ನೀರು ಇಳಿದ ಮೇಲಿನ ಭಾನುವಾರ ಕ್ಲೆಪು ಸೇತುವೆಯ ಮೇಲೆ ಶಾಮಿಯಾನ ಹಾಕಿ ಸಣ್ಣದೊಂದು ಸಮಾರಂಭ ಮಾಡಿದರು. ಮುರ್ವಾನಿ, ಕಸ್ನಾದಿ, ತಾರ್ಸಿ ಮೂವರೂ ಹೋಗಿ ಹಿಂದಿನ ಸಾಲಿನಲ್ಲಿ ಕೂತರು. ಹಳ್ಳಿಯ ಮುಖ್ಯಸ್ಥರು ಮೈಕು ಹಿಡಿದು ದೇವರಿಗೆ ವಂದಿಸಿದರು, ಮೇಷ್ಟ್ರುಗಳಿಗೆ ವಂದಿಸಿದರು, ತಂತಿ ಎಳೆದವನಿಗೆ, ಬಕೆಟ್ ಕೊಟ್ಟವಳಿಗೆ, ಶಾಮಿಯಾನದವನಿಗೆ ವಂದಿಸಿದರು. "ಈ ಕೋಡನ್ನು ಬರೆದವರು ಯಾರೋ ನಮಗೆ ತಿಳಿಯದು, ಎಲ್ಲಿದ್ದರೂ ತಣ್ಣಗಿರಲಿ" ಎಂದರು. ಎದುರಿಗೆ ಆ ತಣ್ಣಗಿರಬೇಕಾದವಳು ಎಣ್ಣೆಯಲ್ಲಿ ಕರಿದ ಮರಗೆಣಸಿನ ಬಿಸಿಬಿಸಿ ಗೆಬ್ಲೆಕ್ ಅಗಿಯುತ್ತಿದ್ದಳು. ಮುಂದಿನ ಸಾಲಿನಲ್ಲಿದ್ದ ಪಾ ಸರ್ವೊಕೊ ತಿರುಗಿ ನೋಡಿ ಏಳಲು ಹೋದರು. ಮುರ್ವಾನಿ ಕಣ್ಣಿನಲ್ಲೇ ಗದರಿಸಿ ಕೂರಿಸಿದಳು.

ಬು ತಾರ್ಸಿಗೆ ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರೇ ಬಂದಿತ್ತು. "ಒರಳುಗುಂಡಿನ ಮೇಲೂ ಹೆಸರು ಬರ್ಯೋರು ನೀವು. ಇಷ್ಟು ದೊಡ್ಡ ಕೆಲಸದ ಮೇಲಿಂದ ಹೆಸರು ತೆಗೆಯೋಕೆ ಅದೆಂಥಾ ಮನಸ್ಸು ಬು ನಿಮ್ದು! ಹೆಂಗೆ ಮಾಡಿದ್ರಿ? ಒಂದು ಮಾತು ಹೇಳಿ, ಮಕ್ಕಳಿಗೆಲ್ಲ ಹೇಳ್ತೀನಿ."

ಮುರ್ವಾನಿ ಬೆರಳಿನ ಎಣ್ಣೆಯನ್ನು ಗಂಡನ ಕರವಸ್ತ್ರಕ್ಕೆ ಒರೆಸಿದಳು.

"ಹೆಸರಿದ್ದಾಗ ನಾಲ್ಕು ಬಾಳೆಗೊನೆ ಬಂತು. ಅದ್ರಲ್ಲಿ ಎರಡು ಇನ್ನೂ ಮನೇಲಿ ಕೊಳೀತಿದೆ. ನಿನಗೊಂದು ಬೇಕಾ?"